ಅರ್ಧ ಇಂಚು ಸಡಿಲ

ಜನವರಿ 9, ಗುರುವಾರ

ಮೂವತ್ತೊಂದು. ನನ್ನ ರಕ್ತದಲ್ಲಿ ಒಳ್ಳೆಯ ಕೊಲೆಸ್ಟ್ರಾಲ್ ಇರುವುದು ಬರೀ ಮೂವತ್ತೊಂದಂತೆ. ಹೆಂಗಸರಿಗೆ ಐವತ್ತಾದರೂ ಇರಬೇಕಂತೆ. ಡಾಕ್ಟರು ಆ ಮೂವತ್ತೊಂದರ ಸುತ್ತ ಪೆನ್ನಿನಿಂದ ಎರಡು ಸಲ ಸುತ್ತು ಹಾಕಿದರು. ನನಗೇನು ಕಣ್ಣಿಲ್ಲವೇ?

"ನಿಮ್ಮ ತಂದೆ ಎಷ್ಟನೇ ವಯಸ್ಸಲ್ಲಿ ಹೋದ್ರು?"

"ಐವತ್ಮೂರು. ಬಟ್ಟೆ ಕತ್ತರಿಸ್ತಾ ನಿಂತಿದ್ರು, ಹಾಗೇ ಕುಸಿದ್ರು. ಹೃದಯ."

"ನಿಮಗೀಗ?"

"ಐವತ್ತೆರಡು."

ಅವರು ಚೀಟಿ ಎಳೆದುಕೊಂಡರು. ಮೂರು ತಿಂಗಳು ಊಟ ಸರಿಪಡಿಸಿಕೊಳ್ಳಿ, ದಿನಾ ನಡೆಯಿರಿ, ಏಪ್ರಿಲ್ ಹತ್ತಕ್ಕೆ ಮತ್ತೆ ರಕ್ತ ಕೊಡಿ ಎಂದರು. ನಾನು ಏಳುವಾಗ ಫೈಲು ಮುಚ್ಚುತ್ತ, "ಮನೇಲಿ ಅಕ್ಕ ತಂಗಿ ಯಾರಾದ್ರೂ ಇದ್ದಾರಾ? ಅವರದೂ ಒಂದ್ಸಲ ನೋಡಿಸ್ಬಿಡಿ" ಎಂದರು.

ಪಕ್ಕದ ಕೋಣೆಯಲ್ಲಿ ಪಥ್ಯ ಹೇಳುವ ಹುಡುಗಿ ಕೂತಿದ್ದಳು. ನನ್ನ ಮಗಳಾಗಿದ್ದರೂ ಆಗುತ್ತಿದ್ದಳು, ಅಷ್ಟು ಚಿಕ್ಕವಳು. ಬಾಯಿಗೆ ಹೋಗಿದ್ದನ್ನೆಲ್ಲ ಬರೆದಿಡಬೇಕು ಮೇಡಂ, ಮನಸ್ಸಿಗೆ ಹೇಗನ್ನಿಸಿತು ಅಂತಲೂ ಬರೀಬೇಕು ಎಂದಳು. ಮನಸ್ಸಿಗೆ ಹೇಗನ್ನಿಸಿತು ಅಂದರೆ, ಮೈಯೆಲ್ಲ ಉರಿಯಿತು. ಅದಕ್ಕೆಂದು ಹೊಸ ಪುಸ್ತಕ ಬೇರೆ ತರಲೇ? ಅಂಗಡಿಯ ಅಳತೆ ಪುಸ್ತಕದ ಹಿಂಬದಿ ಹಾಳೆಗಳು ಖಾಲಿ ಇದ್ದವು. ಮುಂದಿನಿಂದ ಊರವರ ಅಳತೆ, ಹಿಂದಿನಿಂದ ನನ್ನದು.

ಅಕ್ಕನಿಗೆ ಹೇಳಿದೆ. ಗುಂಡಿಯ ತೂತಿಗೆ ಕಾಜಾ ಹಾಕುತ್ತಿದ್ದವಳು ಸೂಜಿ ಬಾಯಲ್ಲಿ ಕಚ್ಚಿಕೊಂಡೇ ನಕ್ಕಳು. "ನಿನ್ನಲ್ಲಿ ಒಳ್ಳೇದು ಕಮ್ಮಿ ಅಂತ ಕಂಡುಹಿಡಿಯೋಕೆ ರಕ್ತ ಯಾಕೆ ಬೇಕಿತ್ತೇ? ನನ್ನ ಕೇಳಿದ್ರೆ ಹೇಳ್ತಿದ್ದೆ." ಆಮೇಲೆ ನನ್ನ ಮುಖ ನೋಡಿ ಸೂಜಿ ತೆಗೆದಿಟ್ಟಳು. ನಿಂದೂ ನೋಡಿಸಬೇಕಂತೆ ಎಂದೆ. "ಒಂದು ಮನೆಗೆ ಒಬ್ಬಳು ರೋಗಿ ಸಾಕು" ಎಂದಳು. ಸರಿ, ಬಿಡು ಎಂದೆ.

ಜನವರಿ 10, ಶುಕ್ರವಾರ

ತಿನ್ನಬಾರದ್ದು: ಬೇಕರಿಯ ಬಿಸ್ಕತ್ತು, ಕರಿದದ್ದು, ಡಬ್ಬಿ ಮಾಂಸ, ಸಕ್ಕರೆ. ತಿನ್ನಬೇಕಾದದ್ದು: ದಿನಕ್ಕೆ ಆರು ಅಕ್ರೋಟು, ವಾರಕ್ಕೆರಡು ಸಲ ಮೀನು, ಬೇಯಿಸಿದ ಕಾಳು, ಓಟ್ಸು, ಅಗಸೆ ಬೀಜದ ಪುಡಿ, ಆಲಿವ್ ಎಣ್ಣೆ. ಒಟ್ಟಿನಲ್ಲಿ ಹಕ್ಕಿಗಳು ತಿನ್ನುವುದು.

ಬೆಳಿಗ್ಗೆಯೇ ಅಡುಗೆಮನೆಯ ಕಪಾಟು ಬರಿದು ಮಾಡಿದೆ. ಉಪ್ಪು ಬೆಣ್ಣೆ, ಉಪ್ಪಿನ ಬಿಸ್ಕತ್ತು, ಸೂಪಿನ ಪೊಟ್ಟಣ, ಉಪ್ಪುನೀರಿನ ಡಬ್ಬಿ ಮಾಂಸ. ಎರಡು ದೊಡ್ಡ ಚೀಲ ತುಂಬಿತು. ಕಸಕ್ಕೆ ಹಾಕಲು ಹೊರಟರೆ ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

"ತಿನ್ನೋದನ್ನ ಯಾರಾದ್ರೂ ಬಿಸಾಡ್ತಾರೇನೇ? ನಾನು ತಿಂದು ಮುಗಿಸ್ತೀನಿ."

ನಮ್ಮಪ್ಪನ ಬುದ್ಧಿ ಅದು. ತುಂಡು ಬಟ್ಟೆ ಬಿಸಾಡಿದವನಲ್ಲ. ನಾವಿಬ್ಬರೂ ಚಿಂದಿಯ ರಗ್ಗು ಹೊದ್ದು ಬೆಳೆದವರು. ಅಕ್ಕ ಚೀಲಗಳನ್ನು ತನ್ನ ಮಂಚದ ಕೆಳಗೆ ಸೇರಿಸಿದಳು. ನನ್ನ ಕಣ್ಣಿಗೆ ಬೀಳದಂತೆ ತಿನ್ನು ಎಂದೆ. ಹೋದ ತಿಂಗಳು ಅಜೀರ್ಣ, ಎದೆಯುರಿ ಅಂತ ಎರಡು ದಿನ ಮಲಗಿದ್ದವಳು ಇವಳೇ. ಆದರೂ ನಾಲಿಗೆ ಕೇಳಬೇಕಲ್ಲ.

ಜನವರಿ 14, ಮಂಗಳವಾರ

ಓಟ್ಸು. ಅಂಟು ಕುದಿಸಿ ಕುಡಿದ ಹಾಗಿದೆ. ಅಕ್ರೋಟು ಆರು. ಬೇಯಿಸಿದ ಕಾಳು. ಮನಸ್ಸಿಗೆ ಹೇಗನ್ನಿಸಿತು ಎಂದರೆ, ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು.

ಬೆಳಿಗ್ಗೆ ಉದ್ಯಾನದಲ್ಲಿ ನಾಲ್ಕು ಸುತ್ತು ನಡೆದೆ. ನಿನ್ನ ಜೊತೆಗೆ ಬರ್ತೀನಿ ಅಂತ ಅಕ್ಕನೂ ಬಂದಳು. ಎರಡನೇ ಸುತ್ತಿಗೇ ಬೆಂಚಿನ ಮೇಲೆ ಕೂತಳು. ಬಾತುಕೋಳಿ ನೋಡ್ತೀನಿ, ನೀನು ಹೋಗು ಎಂದಳು. ಕೊಳದಲ್ಲಿ ನೀರೇ ಇರಲಿಲ್ಲ, ಬಾತುಕೋಳಿ ಎಲ್ಲಿಂದ ಬರಬೇಕು? ಸೋಮಾರಿತನಕ್ಕೂ ಒಂದು ನೆಪ ಬೇಕು ಇವಳಿಗೆ.

ಜನವರಿ 23, ಗುರುವಾರ

ಮೀನು, ಕಾಳು, ಅಕ್ರೋಟು ಆರು. ನನ್ನ ಲಂಗದ ಸೊಂಟ ಮುಕ್ಕಾಲು ಇಂಚು ಒಳಗೆ ಹಿಡಿದು ಹೊಲಿದೆ. ಪಥ್ಯದ ಹುಡುಗಿ ಬೆನ್ನು ತಟ್ಟದಿದ್ದರೂ ಟೇಪು ಸುಳ್ಳು ಹೇಳುವುದಿಲ್ಲ.

ಸಂಜೆ ಅಕ್ಕ ತನ್ನ ಬೂದು ಬಣ್ಣದ ನಿಲುವಂಗಿ ತಂದಳು. "ಸ್ವಲ್ಪ ಸಡಿಲ ಮಾಡಿಕೊಡೇ, ಯಾಕೋ ಬಿಗೀತಿದೆ." ಬಿಗಿಯದೇ ಏನು? ಮಂಚದ ಕೆಳಗಿನ ಚೀಲದಲ್ಲಿ ಒಂದು ಆಗಲೇ ಅರ್ಧ ಖಾಲಿ. ನಾನು ಹುಲ್ಲು ಮೇಯುತ್ತೇನೆ, ಅವಳು ದಪ್ಪಗಾಗುತ್ತಾಳೆ, ಇದ್ಯಾವ ನ್ಯಾಯ? ಬಾಯಿಗೆ ಬಂದದ್ದು ಅಂದೆ. ಅವಳು ನಗುತ್ತ ಕೈ ಎತ್ತಿ ನಿಂತಳು. ಅಳತೆ ತೆಗೆದು, ಅವಳ ಪುಟದಲ್ಲಿ ತಾರೀಖು ಹಾಕಿ ಬರೆದೆ. ಎರಡೂ ಬದಿಯ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿದೆ.

ಫೆಬ್ರವರಿ 5, ಬುಧವಾರ

ನಮ್ಮ ಅಂಗಡಿಯಿಂದ ಮೇಲಿನ ಮನೆಗೆ ಇಪ್ಪತ್ತೆರಡು ಮೆಟ್ಟಿಲು. ಅಕ್ಕ ಹನ್ನೊಂದನೆಯದರಲ್ಲಿ ನಿಂತು ಕಿಟಕಿಯಿಂದ ರಸ್ತೆ ನೋಡುತ್ತಾಳೆ. ದಿನಾ. ಇಸ್ತ್ರಿ ಪೆಟ್ಟಿಗೆ ಒಂದು ಕೈಯಲ್ಲಿ, ಬಟ್ಟೆ ಗಂಟು ಇನ್ನೊಂದರಲ್ಲಿ ಹಿಡಿದು ಓಡುತ್ತಿದ್ದವಳು ಈಗ ಮಹಾರಾಣಿಯ ಹಾಗೆ ನಿಂತು ನಿಂತು ಏರುತ್ತಾಳೆ. ಊಟ ಆರಿಹೋಗುತ್ತದೆ. ಏನು ಕಾಣ್ತಿದೆ ಅಲ್ಲಿ, ಮದುವೆ ದಿಬ್ಬಣವಾ ಎಂದು ಮೇಲಿಂದ ಕೂಗಿದೆ. ಕೈಯಾಡಿಸಿದಳಷ್ಟೇ.

ಗಿರಾಕಿಗಳಿಗೆ ಗುಂಡಿ ಹಾಕುವ ಅವಳೇ ಬೇಕು. "ಗುಂಡಿಯಕ್ಕ ಇಲ್ವಾ?" ಎಂದು ನನ್ನ ಮುಖದ ಮೇಲೇ ಕೇಳುತ್ತಾರೆ. ನನಗೆ ಅವರಿಟ್ಟ ಹೆಸರು ಕತ್ತರಿ. ಬಟ್ಟೆ ಕತ್ತರಿಸುತ್ತೇನೆಂದಲ್ಲ, ನಾಲಿಗೆ ನೋಡಿ ಇಟ್ಟದ್ದು. ನನಗೇನು ಗೊತ್ತಿಲ್ಲವೇ?

ಫೆಬ್ರವರಿ 13, ಗುರುವಾರ

ಅಗಸೆ ಬೀಜ. ಥೂ.

ಅಕ್ಕನ ನಿಲುವಂಗಿ ಮತ್ತೆ ಅರ್ಧ ಇಂಚು.

ಫೆಬ್ರವರಿ 24, ಸೋಮವಾರ

ಆಸ್ಪತ್ರೆಯ ನರ್ಸುಗಳಿಗೆ ನಲವತ್ತು ಸಮವಸ್ತ್ರದ ಕೆಲಸ ಬಂದಿದೆ. ಒಂದಕ್ಕೆ ಏಳು ಗುಂಡಿ, ಏಳು ಕಾಜಾ. ಕತ್ತರಿಸುವುದು, ಮೆಷಿನ್ ನನ್ನದು, ಕೈಗೆಲಸ ಅಕ್ಕನದು. ಮಾರ್ಚ್ ಹದಿನೈದರೊಳಗೆ ಕೊಡಬೇಕು.

ಅಕ್ಕನಿಗೆ ಪೈಜಾಮದ ಕಾಲಿನ ಪಟ್ಟಿ ಕಚ್ಚುತ್ತಿದೆಯಂತೆ. ಕಾಲು ಎತ್ತಿ ಸ್ಟೂಲಿನ ಮೇಲಿಡು ಎಂದೆ. ಕಣಕಾಲು ಒಂಬತ್ತೂಕಾಲು ಬಂತು. ಹೋದ ವರ್ಷ ಎಂಟು ಬರೆದಿದ್ದೇನೆ. ಕಣಕಾಲೂ ದಪ್ಪಗಾಗುತ್ತದೆಯೇ ಮಾರಾಯ್ತಿ ಎಂದೆ. ವಯಸ್ಸಾಯ್ತು ಕಣೇ, ಐವತ್ತೇಳು ಎಂದಳು. ಟೇಪು ತೆಗೆದ ಮೇಲೂ ಅದರ ಗುರುತು ಕಾಲಿನ ಸುತ್ತ ಹಾಗೇ ಹಳ್ಳವಾಗಿ ಉಳಿದಿತ್ತು. ಮೂವತ್ತು ವರ್ಷದಲ್ಲಿ ಯಾರ ಮೈಮೇಲೂ ಹಾಗಾದದ್ದು ನೋಡಿಲ್ಲ. ಟೇಪು ಬಿಗಿಯಾಗಿ ಎಳೆದೆನೇನೋ ಎಂದುಕೊಂಡು ಇನ್ನೊಮ್ಮೆ ಸಡಿಲವಾಗಿ ಹಿಡಿದು ಅಳೆದೆ. ಒಂಬತ್ತೂವರೆ ಬಂತು. ಅದನ್ನೇ ಬರೆದುಕೊಂಡೆ, ಪಟ್ಟಿ ಬಿಚ್ಚಿ ಎಲಾಸ್ಟಿಕ್ ಹಾಕಿದೆ.

ಅಕ್ರೋಟು ಆರು. ಅಕ್ಕನಿಗೊಂದು ಕೊಡಹೋದೆ. "ನಿನ್ನ ಲೆಕ್ಕ ತಪ್ಪುತ್ತೆ, ತಿನ್ನು" ಎಂದಳು. ಒತ್ತಾಯ ಮಾಡಲಿಲ್ಲ.

ಮಾರ್ಚ್ 6, ಗುರುವಾರ

ಜಗಳವಾಯಿತು. ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಎದ್ದರೆ ಅಕ್ಕ ಹಾಸಿಗೆಯಲ್ಲಿಲ್ಲ. ಕುರ್ಚಿಯಲ್ಲಿ ಕೂತು ನಿದ್ದೆ ಮಾಡುತ್ತಿದ್ದಳು, ಬೆನ್ನಿಗೆ ಮೂರು ದಿಂಬು. ಅದರಲ್ಲೊಂದು ನನ್ನದು. ಮಲಗಿದರೆ ಕೆಮ್ಮು ಬರುತ್ತಂತೆ. ಬಟ್ಟೆಯ ಧೂಳು ಅದು, ಮೂಗಿಗೆ ಬಟ್ಟೆ ಕಟ್ಟಿಕೋ ಎಂದು ಸಾವಿರ ಸಲ ಹೇಳಿದ್ದೇನೆ. ಕುರ್ಚಿಯ ಪಕ್ಕದಲ್ಲಿ ಉಪ್ಪಿನ ಬಿಸ್ಕತ್ತಿನ ಖಾಲಿ ಪೊಟ್ಟಣ. ಕೆಳಗೆ ಹೋದರೆ ಹದಿನಾಲ್ಕು ಸಮವಸ್ತ್ರಕ್ಕೆ ಇನ್ನೂ ಒಂದು ಗುಂಡಿಯೂ ಬಿದ್ದಿಲ್ಲ. ಅಕ್ಕ ಇಳಿದು ಬರುವಷ್ಟರಲ್ಲಿ ನನ್ನ ತಲೆ ಕೆಟ್ಟುಹೋಗಿತ್ತು.

"ಸಾಯೋಕೆ ಹೊರಟಿರೋಳು ನಾನು. ದಿನಾ ನಾಲ್ಕು ಸುತ್ತು ನಡೀತೀನಿ, ಹುಲ್ಲು ತಿಂತೀನಿ, ಹತ್ತು ಗಂಟೆ ಮೆಷಿನ್ ತುಳೀತೀನಿ. ನೀನು ಕೂತು ತಿಂದು ಊದ್ಕೋತಿದ್ದೀಯಲ್ಲ, ನಾಚಿಕೆ ಆಗಲ್ವಾ?"

ಅಕ್ಕ ಸೂಜಿಗೆ ದಾರ ಪೋಣಿಸಿದಳು. "ನೀನು ಸಾಯಲ್ಲ ಬಿಡೇ. ನಾನು ಬಿಡಬೇಕಲ್ಲ" ಎಂದಳು. ಆಮೇಲೆ ಒಂದು ಅಂಗಿ ತೊಡೆಯ ಮೇಲೆ ಎಳೆದುಕೊಂಡು ಗುಂಡಿ ಹಾಕಲು ಕೂತಳು.

ಇವಳ ಈ ತಾಳ್ಮೆಯೇ ನನಗೆ ಆಗದು. ಮದುವೆಯಾಗಿ ಮೂರು ವರ್ಷಕ್ಕೆ ನಾನು ಪೆಟ್ಟಿಗೆ ಹಿಡಿದು ವಾಪಸ್ಸು ಬಂದಾಗಲೂ ಹೀಗೇ. ಬಾಗಿಲು ತೆಗೆದು, ಯಾಕೆ ಏನು ಎಂದು ಕೇಳದೆ, "ಊಟ ಆಯ್ತಾ?" ಎಂದಿದ್ದಳು. ಒಂದು ಸಲ ಬೈದಿದ್ದರೆ ನಾನೂ ಅತ್ತು ಮುಗಿಸುತ್ತಿದ್ದೆ.

ಮಾರ್ಚ್ 11, ಮಂಗಳವಾರ

ಓಟ್ಸು. ಕಾಳು. ಮಾತಿಲ್ಲ.

ನನ್ನ ದಿಂಬನ್ನು ಮಡಚಿದ ಹೊದಿಕೆಯ ಸಮೇತ ನನ್ನ ಹಾಸಿಗೆಯ ಮೇಲೆ ತಂದಿಟ್ಟಿದ್ದಾಳೆ. ಅವಳ ಕುರ್ಚಿಯಲ್ಲಿ ಈಗ ಬೆನ್ನಿಗೆ ಬಟ್ಟೆ ತುಂಡುಗಳ ಗಂಟು.

ಮಾರ್ಚ್ 19, ಬುಧವಾರ

ಕೊಡುವ ದಿನ ದಾಟಿ ನಾಲ್ಕು ದಿನ. ಇನ್ನೂ ಒಂಬತ್ತು ಬಾಕಿ. ಅಕ್ಕನ ಬೆರಳು ಸೂಜಿ ಹಿಡಿಯಲೊಲ್ಲವಂತೆ, ಬೆರಳುಗಳೂ ದಪ್ಪಗಾಗಿವೆ. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಲೋಹದ ಟೋಪಿ ಸಿಕ್ಕಿಹಾಕಿಕೊಂಡು ಸಾಬೂನು ಹಚ್ಚಿ ತೆಗೆಯಬೇಕಾಯಿತು. ನಗು ಬಂತು, ಇಬ್ಬರೂ ನಕ್ಕೆವು. ಹದಿಮೂರು ದಿನದ ಮೇಲೆ ನಕ್ಕದ್ದು. ನಗುವಾಗ ಅವಳಿಗೆ ಏದುಸಿರು ಬಂತು.

ನಿಲುವಂಗಿ ಮತ್ತೆ ತಂದಳು. ಸೊಂಟ ಜನವರಿಗಿಂತ ಮೂರು ಇಂಚು ಹೆಚ್ಚು. ಹೊಲಿಗೆ ತಿರುಗಿಸಿ ನೋಡಿದರೆ ಬಿಚ್ಚಲು ಒಳಗೆ ಬಟ್ಟೆಯೇ ಉಳಿದಿಲ್ಲ. ಬದಿಗೆ ಬೇರೆ ಪಟ್ಟಿ ಸೇರಿಸಿದೆ. ಬೂದು ಬಣ್ಣ ಸರಿಯಾಗಿ ಹೊಂದಲೇ ಇಲ್ಲ. ಎಲ್ಲರಿಗೂ ಕಾಣುತ್ತೆ ನೋಡು, ನೀನು ತಿಂದದ್ದು ಎಂದೆ. ಅದನ್ನು ತಮಾಷೆಗೆ ಅಂದದ್ದು.

ಮಾರ್ಚ್ 22, ಶನಿವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. 

ಸಮವಸ್ತ್ರ ಇನ್ನೂ ಬಂದಿಲ್ಲ ಅಂತ ಹಿರಿಯ ನರ್ಸು ಇವತ್ತು ಬೆಳಿಗ್ಗೆ ತಾನೇ ಅಂಗಡಿಗೆ ಬಂದಳು, ಜಗಳಕ್ಕೆಂದೇ ಬಂದಳು. ನಾನೂ ಸೆರಗು ಸಿಕ್ಕಿಸಿಕೊಂಡವಳಂತೆ ತಯಾರಾಗಿ ನಿಂತೆ. ಅವಳು ನನ್ನನ್ನು ನೋಡಲೇ ಇಲ್ಲ. ಮೂಲೆಯಲ್ಲಿ ಕೂತಿದ್ದ ಅಕ್ಕನ ಕಾಲು ನೋಡಿದಳು. ಸೀದಾ ಹೋಗಿ ನೆಲದ ಮೇಲೆ ಕೂತು, ಹೆಬ್ಬೆರಳಿನಿಂದ ಕಣಕಾಲು ಒತ್ತಿ ಬಿಟ್ಟಳು. ಹಳ್ಳ ಬಿತ್ತು. ಹಾಗೇ ಇತ್ತು. ನಾನು ಒಂದು ತಿಂಗಳ ಹಿಂದೆ ಟೇಪಿನಡಿಯಲ್ಲಿ ನೋಡಿದ ಅದೇ ಹಳ್ಳ.

"ಇದು ಬೊಜ್ಜಲ್ಲ ಅಮ್ಮಾ, ನೀರು. ಈಗಲೇ ಹೊರಡಿ."

ಮೆಟ್ಟಿಲು ಇಳಿಯುವ ಮಾತೇ ಇರಲಿಲ್ಲ, ಅಂಗಡಿಯಲ್ಲೇ ಇದ್ದೆವು. ಆದರೂ ಬಾಗಿಲಿನಿಂದ ಗಾಡಿಯವರೆಗಿನ ಹತ್ತು ಹೆಜ್ಜೆಗೆ ಅಕ್ಕ ಎರಡು ಸಲ ನಿಂತಳು. ಈ ಸಲ ಏನು ನೋಡ್ತಿದ್ದೀಯ ಎಂದು ನಾನು ಕೇಳಲಿಲ್ಲ.

ಡಿಸೆಂಬರಿನಲ್ಲೇ ಹೃದಯಾಘಾತ ಆಗಿಹೋಗಿದೆಯಂತೆ. ಅಜೀರ್ಣ ಎಂದು ಮಲಗಿದ ಆ ಎರಡು ದಿನ. ಅಂದಿನಿಂದ ಹೃದಯ ಸೋಲುತ್ತ ಬಂದಿದೆ, ಮೈಯಲ್ಲಿ ನೀರು ನಿಂತಿದೆ. ಉಪ್ಪಿನದು ಜಾಸ್ತಿ ತಿಂತಿದ್ರಾ ಎಂದು ಚಿಕ್ಕ ಡಾಕ್ಟರ್ ಕೇಳಿದ. ಎರಡು ಚೀಲ ಎಂದೆ. ಅವನಿಗೆ ಅರ್ಥವಾಗಲಿಲ್ಲ.

"ಊತ ಯಾವಾಗಿಂದ ಇದೆ? ಸುಮಾರಾಗಿ ಹೇಳಿ ಸಾಕು."

ಸುಮಾರಾಗಿ! ಚೀಲದಿಂದ ಪುಸ್ತಕ ತೆಗೆದೆ, ಮುಂದಿನಿಂದ ತಿರುಗಿಸಿದೆ, ಅಕ್ಕನ ಪುಟ ಹಿಡಿದು ಓದಿದೆ. ಜನವರಿ ಇಪ್ಪತ್ತಮೂರು, ಸೊಂಟ ಅರ್ಧ ಇಂಚು ಹೆಚ್ಚು. ಫೆಬ್ರವರಿ ಹದಿಮೂರು, ಮತ್ತರ್ಧ ಇಂಚು. ಫೆಬ್ರವರಿ ಇಪ್ಪತ್ತನಾಲ್ಕು, ಕಣಕಾಲು ಒಂಬತ್ತೂವರೆ, ಹಿಂದಿನದು ಎಂಟು. ಮಾರ್ಚ್ ಹತ್ತೊಂಬತ್ತು, ಸೊಂಟ ಒಟ್ಟು ಮೂರು. ಚಿಕ್ಕ ಡಾಕ್ಟರ್ ಬರೆದುಕೊಳ್ಳುತ್ತ ಹೋದ. ಕೊನೆಗೆ ತಲೆಯೆತ್ತಿ, "ಇಷ್ಟು ಕರಾರುವಾಕ್ಕಾಗಿ ಇಲ್ಲಿವರೆಗೆ ಯಾರೂ ಹೇಳಿರಲಿಲ್ಲ ಮೇಡಂ, ತುಂಬಾ ಉಪಕಾರ ಆಯ್ತು" ಎಂದ.

ನನ್ನ ಅಕ್ಷರ. ದುಂಡಗೆ, ಸ್ಪಷ್ಟವಾಗಿ, ತಾರೀಖಿನ ಸಮೇತ. ಹಾಳಾದ ಕಣ್ಣು ನನ್ನದು, ಹಾಳಾದ ಕೈ ನನ್ನದು.

ಮಾರ್ಚ್ 25, ಮಂಗಳವಾರ

ಔಷಧಿಗೆ ನೀರೆಲ್ಲ ಇಳಿದಿದೆ. ಒಳಗಿದ್ದ ಅಕ್ಕ ಇಷ್ಟೇ ಇಷ್ಟು. ಕೆನ್ನೆ ಒಳಗೆ ಹೋಗಿದೆ, ಮಣಿಕಟ್ಟು ನನ್ನ ಎರಡು ಬೆರಳಿನ ಸುತ್ತಿಗೆ ಬರುತ್ತದೆ. ಇವಳನ್ನೇ ನಾನು ದಪ್ಪಗಾಗುತ್ತಿದ್ದಾಳೆ ಎಂದು ಬೈದದ್ದು.

ದೊಡ್ಡ ಡಾಕ್ಟರು ಹೊರಗೆ ಕರೆದು, ಹೃದಯದಲ್ಲಿ ಶಕ್ತಿ ಉಳಿದಿಲ್ಲ, ಎರಡು ತಿಂಗಳು ಮೊದಲೇ ಬಂದಿದ್ರೆ ಮಾತು ಬೇರೆ ಇತ್ತು ಎಂದರು.

ಒಳಗೆ ಬಂದರೆ ಅಕ್ಕ ಕಣ್ಣು ಬಿಟ್ಟಿದ್ದಳು.

"ಇವತ್ತು ಅಕ್ರೋಟು ತಿಂದ್ಯಾ?"

"ಸುಮ್ನಿರಕ್ಕಾ."

"ತಿಂದಿಲ್ಲ ಅಲ್ವಾ? ಹತ್ತನೇ ತಾರೀಖು ಹತ್ರ ಬಂತು."

"ನಿಂಗೆ ಉಸಿರು ಕಟ್ಟೋದು ಗೊತ್ತಿತ್ತು ತಾನೇ? ಯಾಕೆ ಬಾಯಿ ಬಿಡ್ಲಿಲ್ಲ?"

ಅವಳು ಸೂರು ನೋಡುತ್ತ ಹೇಳಿದಳು, "ನೀನು ಅಷ್ಟು ಹೆದರಿದ್ಯಲ್ಲೇ. ಅಪ್ಪನ ವಯಸ್ಸು ಅಂತ ನೀನು ದಿನಾ ಎಣಿಸ್ತಿದ್ದೆ. ನಿನ್ನ ರಕ್ತದ್ದು ಒಂದು ಸರಿ ಹೋಗ್ಲಿ, ಆಮೇಲೆ ನಂದು ತೋರಿಸೋಣ ಅಂತ ಅಂದ್ಕೊಂಡೆ. ಮೂರು ತಿಂಗಳು ತಾನೇ."

ನಾನು ಜೋರಾಗಿ ಅತ್ತುಬಿಟ್ಟೆ. ಪಕ್ಕದ ಮಂಚದವರು ನೋಡುತ್ತಿದ್ದರು. ಅಕ್ಕ ನನ್ನ ಕೈ ತಟ್ಟುತ್ತ, "ಕತ್ತರಿ ಅತ್ತಿದ್ದು ಮೊದಲನೇ ಸಲ" ಎಂದಳು, ಆ ಮಂಚದವರಿಗೆ. ನಾನು ಸಾವಿಗೆ ಹೆದರ್ತೀನಿ ಅಂತ ನಿನಗೆ ಯಾರು ಹೇಳಿದ್ದು ಎಂದು ಕೇಳಬೇಕೆಂದಿದ್ದೆ. ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾರ್ಚ್ 28, ಶುಕ್ರವಾರ

ಅಕ್ಕ ಹೋದಳು. ಬೆಳಿಗ್ಗೆ ಏಳೂಕಾಲಿಗೆ. ನಾನು ಕಾಫಿ ತರಲು ಹೋಗಿದ್ದೆ.

ಮಾರ್ಚ್ 29, ಶನಿವಾರ

ಉಡಿಸಲು ಬಟ್ಟೆ ತನ್ನಿ ಎಂದು ಆಸ್ಪತ್ರೆಯ ಶವಾಗಾರದಲ್ಲಿ ಹೇಳಿದರು. ಬೂದು ನಿಲುವಂಗಿಯೇ ಅವಳಿಗೆ ಇಷ್ಟ. ಹಾಗೇ ಹಾಕಿದರೆ ಮೈಮೇಲೆ ಚೀಲದಂತೆ ಜೋತುಬೀಳುತ್ತದೆ. ಹೇಗಿದ್ದರೂ ನಡೆಯುತ್ತೆ, ಯಾರು ನೋಡ್ತಾರೆ ಎಂದ ಅಲ್ಲಿಯ ಕೆಲಸದವನು. ಯಾರು ನೋಡ್ತಾರೆ ಅಂದರೆ, ನಾನು ನೋಡುತ್ತೇನೆ.

ಅಂಗಡಿ ಬಾಗಿಲು ಹಾಕಿಕೊಂಡು ಕೂತೆ. ಹೊಂದದ ಪಟ್ಟಿಯನ್ನು ಬಿಚ್ಚಿ ತೆಗೆದೆ. ಮಾರ್ಚ್ ಹತ್ತೊಂಬತ್ತು ಹೋಯಿತು. ಫೆಬ್ರವರಿ ಹದಿಮೂರರ ಅರ್ಧ ಇಂಚು ಹಿಡಿದೆ, ಜನವರಿ ಇಪ್ಪತ್ತಮೂರರ ಅರ್ಧ ಇಂಚು ಹಿಡಿದೆ. ಹಳೆಯ ಹೊಲಿಗೆಯ ಸೂಜಿ ತೂತುಗಳು ಬಟ್ಟೆಯಲ್ಲಿ ಇನ್ನೂ ಇದ್ದವು, ಅವುಗಳ ಮೇಲೇ ಹೊಲಿಯುತ್ತ ಹೋದೆ. ಕಳೆದ ವರ್ಷದ ಅಳತೆಗೆ ಬಂತು. ಅಷ್ಟಾದರೂ ಇನ್ನೂ ಸಡಿಲ. ಅದಕ್ಕಿಂತ ಒಳಗೆ ಹಿಡಿಯಲು ಕೈ ಬರಲಿಲ್ಲ.

ಏಪ್ರಿಲ್ 3, ಗುರುವಾರ

ಉಳಿದ ಒಂಬತ್ತು ಸಮವಸ್ತ್ರಕ್ಕೆ ನಾನೇ ಕಾಜಾ ಹಾಕಿದೆ. ಒಂದೂ ನೆಟ್ಟಗೆ ಬರಲಿಲ್ಲ. ಹಿರಿಯ ನರ್ಸು ಬಂದು ತೆಗೆದುಕೊಂಡು ಹೋದಳು, ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮಂಚದ ಕೆಳಗೆ ಎರಡನೇ ಚೀಲದಲ್ಲಿ ಇನ್ನೂ ನಾಲ್ಕು ಡಬ್ಬಿ ಇದ್ದವು. ಕಸದವನಿಗೆ ಕೊಟ್ಟೆ. ಬಾಗಿಲಿಗೆ ಯಾರೂ ಅಡ್ಡ ನಿಲ್ಲಲಿಲ್ಲ.

ಅಕ್ರೋಟು ಆರು. ಓಟ್ಸು. ನಾಲ್ಕು ಸುತ್ತು. ಯಾಕೆ ಮಾಡುತ್ತಿದ್ದೇನೋ ಗೊತ್ತಿಲ್ಲ, ಹತ್ತನೇ ತಾರೀಖು ಹತ್ತಿರ ಬಂತು ಎಂದಿದ್ದಳಲ್ಲ.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ರಕ್ತ ಕೊಟ್ಟೆ, ಸಂಜೆ ವರದಿ ಬಂತು. ಮೂವತ್ತೊಂಬತ್ತು.

ಡಾಕ್ಟರು ಖುಷಿಯಾದರು. ಈ ಸಲ ಒಂದೇ ಸುತ್ತು ಹಾಕಿದರು. "ಬರೀ ಊಟ, ನಡಿಗೆಯಿಂದ ಮೂರು ತಿಂಗಳಲ್ಲಿ ಎಂಟು ಏರೋದು ಅಂದ್ರೆ ಸಾಮಾನ್ಯ ಅಲ್ಲ. ತುಂಬಾ ಜನ ವಾರಕ್ಕೇ ಬಿಟ್ಟುಬಿಡ್ತಾರೆ. ಹೇಗೆ ಸಾಧಿಸಿದ್ರಿ?"

ಮನೆಯಲ್ಲಿ ಒಬ್ಬರು ನೋಡಿಕೊಳ್ಳುತ್ತಿದ್ದರು ಎಂದೆ.

"ಒಳ್ಳೇದು, ಒಳ್ಳೇದು. ಇದನ್ನೇ ಮುಂದುವರಿಸಿ." ಫೈಲು ಮುಚ್ಚುತ್ತ, ಜನವರಿಯಲ್ಲಿ ಹೇಳಿದ ಹಾಗೇ, ಬಂದವರಿಗೆಲ್ಲ ದಿನಾ ಹೇಳುವ ಹಾಗೇ ಹೇಳಿದರು, "ಮನೇಲಿ ಅಕ್ಕ ತಂಗಿ ಯಾರಾದ್ರೂ ಇದ್ದಾರಾ? ಅವರದೂ ಒಂದ್ಸಲ ನೋಡಿಸ್ಬಿಡಿ."

ಯಾರೂ ಇಲ್ಲ ಡಾಕ್ಟ್ರೇ ಎಂದೆ. ಅವರು ಮುಂದಿನವರನ್ನು ಕರೆದರು.